ಅಪ್ಪನ ಹದಿನಾಲ್ಕು ಬುರುಡೆಗಳು

ನಮ್ಮ ಮನೆಯಲ್ಲಿ ಮಾಂಸ ತಿನ್ನುವವರು ಯಾರೂ ಇರಲಿಲ್ಲ. ಅಪ್ಪನಂತೂ ಬೇರೆಯವರ ಮನೆಯಲ್ಲಿ ಮೊಟ್ಟೆ ಒಡೆದ ವಾಸನೆ ಬಂದರೂ ಮೂಗು ಮುಚ್ಚಿಕೊಳ್ಳುವ ಆಸಾಮಿ. ಆದರೂ ನಡುಮನೆಯ ಆಚೆಯ ಕೋಣೆಯಲ್ಲಿ, ಗೋಡೆಗೆ ಹೊಡೆದ ಹಲಗೆಗಳ ಮೇಲೆ, ಹದಿನಾಲ್ಕು ಆಡಿನ ತಲೆಬುರುಡೆಗಳು ಬಾಗಿಲಿಗೆ ಮುಖ ಮಾಡಿ ಕೂತಿರುತ್ತಿದ್ದವು. ಸದಲಗಾದ ಆಚೆ ದೂಧಗಂಗಾ ದಂಡೆಯ ಒಂದು ಹಳ್ಳಿಯಲ್ಲಿ ಅಪ್ಪ ದನದ ಡಾಕ್ಟರಾಗಿದ್ದ. ದವಾಖಾನೆಯ ಹಿಂದೆಯೇ ಮೂರು ಕೋಣೆಯ ನಮ್ಮ ಮನೆ. ಊರ ಹುಡುಗರು ನನ್ನನ್ನು ‘ಬುರುಡಿ ಡಾಕ್ಟ್ರ ಮಗಳು’ ಎನ್ನುತ್ತಿದ್ದರು. ಒಮ್ಮೆ ನನ್ನ ಜೊತೆ ಆಡಲು ಬಂದ ಒಬ್ಬಳು ಆ ಕೋಣೆಯಲ್ಲಿ ಇಣುಕಿ ನೋಡಿ ಚೀರಿಕೊಂಡು ಓಡಿದಳು. ಎರಡು ದಿನ ಜ್ವರ ಬಂತಂತೆ, ಅವರಜ್ಜಿ ದಾರ ಕಟ್ಟಿಸಿದಳಂತೆ. ಆಮೇಲೆ ನಮ್ಮ ಮನೆಯ ಹೊಸ್ತಿಲು ದಾಟಿದ ಮಕ್ಕಳಿಲ್ಲ. ನಾನು ಪಡಸಾಲೆಯಲ್ಲಿ ಕೂತು ಗಜಗ ಆಡುತ್ತಿದ್ದೆ, ಒಂದು ಸಲ ಬಲಗೈ, ಒಂದು ಸಲ ಎಡಗೈ. ಯಾವ ಕೈ ಗೆದ್ದರೂ ನಾನೇ ಸೋಲುತ್ತಿದ್ದೆ.

ಅಪ್ಪನಿಗೆ ಈ ಹುಚ್ಚು ಹಿಡಿದದ್ದು ಒಂದು ತಪ್ಪಿನಿಂದ. ನೌಕರಿಗೆ ಸೇರಿದ ಹೊಸತರಲ್ಲಿ ಕೊಂಬು ಮುರಿದ ಒಂದು ಕರಿ ಆಡು ಬಂದಿತ್ತಂತೆ. ಮುರಿದ ಕೊಂಬನ್ನು ಬುಡದಿಂದ ಕೊಯ್ಯಬೇಕು. ಆಕಳಿಗೆ ಮಾಡುವ ಹಾಗೆ ಕಣ್ಣಿನ ಹಿಂದೆ ಮದ್ದಿನ ಒಂದು ಸೂಜಿ ಚುಚ್ಚಿ, ಕೊಂಬು ಮರಗಟ್ಟಿತೆಂದು ತಿಳಿದು ಗರಗಸ ಹಚ್ಚಿದ. ಆಕಳ ಕೊಂಬಿಗೆ ಆ ಒಂದು ನರ ಸಾಕು. ಆಡಿನ ಕೊಂಬಿಗೆ ಎರಡು: ಒಂದು ಕಣ್ಣಿನ ಹಿಂದಿನಿಂದ ಏರುತ್ತದೆ, ಇನ್ನೊಂದು ಕಣ್ಣಿನ ಒಳಮೂಲೆಯಿಂದ. ಎರಡನೆಯದು ಎಚ್ಚರವಾಗಿಯೇ ಇತ್ತು. ಆ ಆಡು ಕೂಗಿದ ಕೂಗು ಕಿವಿಯಿಂದ ಹೋಗಿಲ್ಲ ಎಂದು ಅಪ್ಪ ಎಷ್ಟೋ ಸಲ ಹೇಳಿದ್ದ. ಪುಸ್ತಕ ತೆಗೆದು ನೋಡಿದರೆ ಅದರಲ್ಲಿದ್ದ ಆಡು ಯಾವುದೋ ದೂರದೇಶದ್ದು. ನಮ್ಮ ಕಡೆಯ ಉಸ್ಮಾನಾಬಾದಿ ಕರಿ ಆಡಿನ ಹಣೆ ಬೇರೆ, ಸಂಗಮನೇರಿ ತಳಿಯ ಕೊಂಬಿನ ಬುಡ ಬೇರೆ. ಹಾಗಾಗಿ ತಾನೇ ಅಳೆದು ಬರೆಯುವುದೆಂದು ನಿರ್ಧರಿಸಿದ. ಇಡೀ ಬುರುಡೆ ಸಿಗುವುದು ಸುಲಭವಿರಲಿಲ್ಲ. ತಲೆ ಕೊಳ್ಳುವವರಿಗೆ ಮೆದುಳು ಬೇಕು. ಕಟುಕರು ಅದನ್ನು ಅಂಗಡಿಯಲ್ಲೇ ಎರಡು ಹೋಳು ಮಾಡಿ ಕೊಡುತ್ತಾರೆ. ಕಟುಕರ ದಸ್ತಗೀರಣ್ಣನ ಕುದುರೆಯ ಕಾಲಿನ ಹುಣ್ಣನ್ನು ಅಪ್ಪ ವಾಸಿ ಮಾಡಿದ್ದ. ಅದರ ಋಣಕ್ಕೆ ಅವನು ತಿಂಗಳಿಗೋ ಎರಡು ತಿಂಗಳಿಗೋ ಒಂದು ಒಡೆಯದ ತಲೆಯನ್ನು ಗೋಣಿಚೀಲದಲ್ಲಿ ಸುತ್ತಿ ಹಿತ್ತಲ ಬಾಗಿಲಿಗೆ ತಂದಿಟ್ಟು, ಅವ್ವನ ಕಣ್ಣಿಗೆ ಬೀಳದಂತೆ ಓಡಿಹೋಗುತ್ತಿದ್ದ.

ಅವ್ವ ಭೋಜದ ಕಬ್ಬಿನ ಮನೆತನದ ಮಗಳು. ಸ್ನಾನ, ಲಿಂಗಪೂಜೆ, ಆಮೇಲೆ ಬಾಯಿಗೆ ನೀರು ಎನ್ನುವವಳು. ಬುರುಡೆಗಳ ಕೋಣೆಯನ್ನು ಅವಳು ಗುಡಿಸುತ್ತಿರಲಿಲ್ಲ, ಅಪ್ಪ ಅಲ್ಲಿಂದ ಬಂದರೆ ಕೈಕಾಲು ತೊಳೆಯದೆ ಊಟಕ್ಕೆ ಬಡಿಸುತ್ತಿರಲಿಲ್ಲ. ಇಂಥದೊಂದು ಒಪ್ಪಂದದ ಮೇಲೆ ಮನೆ ನಡೆಯುತ್ತಿತ್ತು. ತಲೆ ಬೇಯಿಸುವುದು ದವಾಖಾನೆಯ ಹಿಂದೆ, ಮೂರು ಕಲ್ಲಿನ ಮೇಲೆ, ಒಂದು ತಗಡಿನ ಡಬ್ಬಿಯಲ್ಲಿ. ನಾನು ಐದನೆಯ ಇಯತ್ತೆಯಲ್ಲಿದ್ದ ವರ್ಷ ಮಳೆ ಜೋರಾಗಿ ಹಿಡಿಯಿತು. ಸರಕಾರದವರು ತಳಿ ಸುಧಾರಿಸಲೆಂದು ದವಾಖಾನೆಗೆ ಕಳಿಸಿದ್ದ ಜಮುನಾಪಾರಿ ಹೋತ ಹೊಟ್ಟೆಯುಬ್ಬರದಿಂದ ಸತ್ತಿತು. ಉದ್ದ ಕಿವಿ, ಗಿಳಿಯ ಕೊಕ್ಕಿನ ಹಾಗೆ ಉಬ್ಬಿದ ಮೂಗು. ಅಂಥ ತಲೆ ಈ ಸೀಮೆಯಲ್ಲಿ ಮತ್ತೆ ಸಿಗುವಂಥದ್ದಲ್ಲ. ಹೊರಗೆ ಒಲೆ ಹೊತ್ತುತ್ತಿಲ್ಲ, ತಲೆ ಕೊಳೆಯುತ್ತಿದೆ. ಅವ್ವ ಚಿಕ್ಕಮ್ಮನ ಮಗಳ ಸೀಮಂತಕ್ಕೆಂದು ಭೋಜಕ್ಕೆ ಹೋಗಿ ಎರಡು ದಿನವಾಗಿತ್ತು. ಅಪ್ಪ ಅದನ್ನು ಬಚ್ಚಲ ಹಂಡೆಯಲ್ಲಿ ಬೇಯಿಸಿದ. ಬೆಂದ ಮೇಲೆ ಹುಣಸೆಹಣ್ಣು, ಬೂದಿ ಹಾಕಿ ಮೂರು ಸಲ ತಿಕ್ಕಿದ. ಆದರೆ ಒಲೆಗೆ ಹೂತ ಹಂಡೆ, ಬೋರಲು ಹಾಕುವಂತಿಲ್ಲ. ತಳಕ್ಕೆ ಕೈ ಇಳಿಸಿ ತಿಕ್ಕಿದ್ದಷ್ಟೇ.

ಅವ್ವ ಬಂದಳು, ಮರುದಿನ ಮುಂಜಾನೆ ಆ ಹಂಡೆಯ ನೀರಲ್ಲಿ ಮಿಂದಳು, ಲಿಂಗವನ್ನು ಅಂಗೈ ಮೇಲಿಟ್ಟು ಪೂಜೆ ಮಾಡಿದಳು. ಆಮೇಲೆ ಅರಿವೆ ನೆನೆಹಾಕಲು ತಳದ ನೀರು ಮೊಗೆದಾಗ ತಂಬಿಗೆಯಲ್ಲಿ ಖಣ್ ಎಂದಿತು. ಅವಳು ಕೂಗಾಡಲಿಲ್ಲ. ಚಹಾ ಕುಡಿಯುತ್ತಿದ್ದ ಅಪ್ಪನ ಮುಂದೆ ಬಂದು ಅಂಗೈ ಬಿಚ್ಚಿದಳು.

“ಇದು ಯಾರ ಹಲ್ಲರಿ?”

ಅಪ್ಪ ಬಸಿ ಕೆಳಗಿಟ್ಟ.

“ಆ ನೀರಾಗ ಮಿಂದು ನಾ ಲಿಂಗಾ ಕೈಯಾಗ ಹಿಡದೀನಿ. ನಿಮಗ ತಿಳೀತೈತಿ, ನಾ ಏನ ಹೇಳಾಕತ್ತೀನಿ?”

“ಮೂರ ಸಲ ತೊಳದೀನಿ.”

“ತೊಳದ್ರ ಮೈಲಿಗಿ ಹೋಗತೈತಿ?”

ಮಧ್ಯಾಹ್ನದ ಬಸ್ಸಿಗೆ ಅವಳು ತವರಿಗೆ ಹೊರಟಳು. ನನ್ನ ಶಾಲೆ ತಪ್ಪಿದರೆ ವರ್ಷ ಹಾಳಾಗುತ್ತದೆಂದು ನನ್ನನ್ನು ಬಿಟ್ಟು ಹೋದಳು. ಬಸ್ಸಿನ ಕಿಟಕಿಯಿಂದ ನನ್ನ ತಲೆ ಸವರಿ, ಎಣ್ಣೆ ಹಚ್ಚಿಕೋ, ಒದ್ದೆ ಕೂದಲು ಕಟ್ಟಬೇಡ ಎಂದಳೇ ಹೊರತು ಎಂದು ಬರುತ್ತೇನೆಂದು ಹೇಳಲಿಲ್ಲ. ಆಗ ನಾಗರಪಂಚಮಿ ಹತ್ತಿರವಿತ್ತು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮ ಕಡೆಯ ರೂಢಿಯಾದ್ದರಿಂದ ಊರಿಗೆ ಹೇಳಲು ಒಂದು ನೆಪ ಸಿಕ್ಕಿತು. ಕೇಳಿದವರಿಗೆಲ್ಲ ‘ಪಂಚಮಿಗೆ ಹೋಗ್ಯಾಳ್ರಿ’ ಎಂದೆ. ಪಂಚಮಿಗೆ ಅವ್ವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಡಬ್ಬಿ ಉಂಡಿ ಕಳಿಸಿದಳು. ಜೋಕಾಲಿ ಕಟ್ಟಿದ್ದ ಮರದ ಕೆಳಗೆ ಎಲ್ಲರ ಹಿಂದೆ ನಿಂತು ನಾನು ಶೇಂಗಾದ ಉಂಡಿ ತಿಂದೆ. ಶ್ರಾವಣ ಮುಗಿಯಿತು, ಗಣಪತಿ ಮುಗಿಯಿತು. ಅದೇ ಮಾತು ಹೇಳಲು ನನಗೇ ನಾಚಿಕೆಯಾಗತೊಡಗಿತು. ಜನ ಕೇಳುವುದನ್ನೂ ಬಿಟ್ಟರು. ಅದು ಇನ್ನೂ ಕೆಟ್ಟದಾಗಿತ್ತು.

ಅಪ್ಪನಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಹರಿದ ರೊಟ್ಟಿಯನ್ನು ಝುಣಕದಲ್ಲಿ ಕಲಸಿ ಇಬ್ಬರೂ ತಿನ್ನುತ್ತಿದ್ದೆವು. ಊಟವಾದ ಮೇಲೆ ಅವನು ಆ ಕೋಣೆಗೆ ಹೋಗಿ ದೀಪ ಹಾಕಿ ಕರೆಯುತ್ತಿದ್ದ:

“ಗೌರಾ, ಬಾ ಇಲ್ಲೆ.”

ಮೊದಲ ದಿನ ಹೆದರಿ ಹೋದೆ. ಆಮೇಲಾಮೇಲೆ ಆ ಕರೆಗೆ ದಿನವೆಲ್ಲ ಕಾಯುತ್ತಿದ್ದೆ. ಅಪ್ಪ ಒಂದು ಬುರುಡೆಯನ್ನು ನನ್ನ ತೊಡೆಯ ಮೇಲಿಟ್ಟು, ಕಸಬರಿಗೆ ಕಡ್ಡಿ ಕೈಗೆ ಕೊಟ್ಟು, ತೂತು ಹುಡುಕು ಎನ್ನುತ್ತಿದ್ದ. ಮೇಲಿನ ದವಡೆಯ ಮೊದಲ ಹಲ್ಲುಗಳ ನೇರಕ್ಕೆ ಒಂದು ಸಣ್ಣ ತೂತು; ಕಡ್ಡಿ ತೂರಿಸಿದರೆ ಕಣ್ಣಿನ ಗೂಡಿನ ಕೆಳಗೆ ಹೊರಬೀಳುತ್ತಿತ್ತು. ಆ ದಾರಿಯಲ್ಲಿ ಬರುವ ನರಕ್ಕೆ ಮದ್ದು ಕೊಟ್ಟರೆ ಮೇಲ್ದುಟಿ ಜಡವಾಗುತ್ತದೆ, ಹರಿದ ತುಟಿ ಹೊಲಿಯಬಹುದು. ಗದ್ದದ ಬಳಿ ಇನ್ನೊಂದು ತೂತು, ಅದು ಕೆಳದುಟಿಗೆ. ಕೊಂಬಿನ ಒಳಗಿನ ಎಲುಬು ಪೊಳ್ಳು. ಆ ಪೊಳ್ಳು ಹಣೆಯ ಪೊಳ್ಳಿಗೆ ಕೂಡಿಕೊಂಡಿರುತ್ತದೆ. ಅದಕ್ಕೇ ಬುಡಕ್ಕೆ ಕೊಂಬು ಮುರಿದ ಆಡಿಗೆ ನೆಗಡಿಯಾದರೆ ಸಿಂಬಳ ತಲೆಯ ಮೇಲಿಂದ ಬರುತ್ತದೆ ಎಂದು ಅಪ್ಪ ಹೇಳಿದಾಗ ನಾನು ಬಿದ್ದು ಬಿದ್ದು ನಕ್ಕೆ. ಆ ಎರಡು ತಿಂಗಳಲ್ಲಿ ಮನೆಯಲ್ಲಿ ನಗು ಕೇಳಿದ್ದು ಅದೊಂದೇ ಸಲವೇನೋ. ತೂತುಗಳ ಸುತ್ತ ಅಪ್ಪ ಕೆಂಪು ಶಾಯಿ ಹಚ್ಚುತ್ತಿದ್ದ, ನನ್ನ ಕಂಪಾಸಿನ ಡಬ್ಬಿಯ ಕೈವಾರದಿಂದ ದೂರ ಅಳೆಯುತ್ತಿದ್ದ, ನಾನು ವಹಿಯಲ್ಲಿ ಬರೆಯುತ್ತಿದ್ದೆ. ಜಮುನಾಪಾರಿಯದನ್ನು ಎರಡು ಸಂಜೆ ಕೂತು ನಡುವೆ ಉದ್ದಕ್ಕೆ ಕೊಯ್ದೆವು; ನಾನು ಗಟ್ಟಿಯಾಗಿ ಹಿಡಿದೆ, ಅಪ್ಪ ಗರಗಸ ಎಳೆದ. ಒಳಗೆ ನೋಡಿದರೆ ಹಣೆಯಲ್ಲಿ ಎರಡು ಅಂತಸ್ತು. ಮೇಲೆ ಗಾಳಿಯ ಪೊಳ್ಳು, ಕೆಳಗೆ ಮೆದುಳಿನ ಕೋಣೆ.

“ನೋಡ, ಕರಿ ಆಡಿಗೆ ಈ ಪೊಳ್ಳು ಇಲ್ಲಿಗೇ ಮುಗೀತೈತಿ. ಇದಕ್ಕ ಇಲ್ಲೀತನಾ ಬಂದೈತಿ. ಮೆದುಳಿನ ಗುಳ್ಳಿ ತಗ್ಯಾಕಂತ ಕರಿ ಆಡಿನ ಲೆಕ್ಕದಾಗ ತೂತು ಹೊಡದ್ರ ಮೆದುಳ ಸಿಗಂಗಿಲ್ಲ, ಪೊಳ್ಳು ಸಿಗತೈತಿ. ಸಾವಕಾಶ ಅಳದು ಬರಿಯೋಣಂತ.”

ಸಾವಕಾಶ ಎಂದದ್ದು ಹಾಗೇ ಉಳಿಯಿತು. ಜಮುನಾಪಾರಿಯ ಅಳತೆ ವಹಿಗೆ ಏರಲೇ ಇಲ್ಲ.

ದಸರೆಯ ಮಾನಮಿಗೆ ಮುಂಚೆ ಅಪ್ಪ ನನ್ನನ್ನು ಕರೆದುಕೊಂಡು ಭೋಜಕ್ಕೆ ಹೋದ, ಅವ್ವನನ್ನು ಕರೆತರಲು. ಆಯಿ, ಅಂದರೆ ಅವ್ವನ ತಾಯಿ, ಅಳಿಯನಿಗೆ ಕಟ್ಟೆಯ ಮೇಲೆಯೇ ಚಹಾ ಕೊಟ್ಟಳು. ಒಳಗೆ ಬನ್ನಿ ಎನ್ನಲಿಲ್ಲ. ಅವ್ವ ಕದದ ಹಿಂದೆ ನಿಂತು ಮಾತಾಡಿದಳು.

“ಆ ಬುರುಡಿ ಮನಿ ಬಿಟ್ಟ ಹೊರಗ ಹೋದ ದಿನಾ ನಾ ಒಳಗ ಬರ್ತೀನಿ. ಮದಲ ಅಲ್ಲ.”

“ದವಾಖಾನಿ ಕ್ವಾಣ್ಯಾಗ ಇಡ್ತೀನಿ. ಮನ್ಯಾಗ ತರಂಗಿಲ್ಲ.”

“ದವಾಖಾನಿ ಅಂದ್ರ ನಮ್ಮ ಮನಿ ಗ್ವಾಡಿನ. ಇವತ್ತ ಅಲ್ಲಿ, ನಾಳೆ ಹಂಡ್ಯಾಗ. ಅವು ಇರಬಾರ್ದು, ಮುಗೀತು.”

ಅಪ್ಪ ಅರ್ಧ ಚಹಾ ಬಿಟ್ಟು ಎದ್ದ. ಬಸ್ಸು ಹೊಳೆಯ ಸೇತುವೆಗೆ ಬಂದಾಗ ನನ್ನ ಕಡೆ ತಿರುಗಿ, “ನಿನಗರ ತಿಳೀತೈತಿ ಹೌದಿಲ್ಲೋ, ಗೌರಾ?” ಎಂದ. ಹೂಂ ಎಂದೆ. ನನಗೆ ತಿಳಿದದ್ದು ಒಂದೇ: ಅಪ್ಪ ಬಿಡುವುದಿಲ್ಲ, ಅವ್ವ ಬರುವುದಿಲ್ಲ. ಹತ್ತು ವರ್ಷದ ನನ್ನ ತಲೆಗೆ ಹೊಳೆದ ದಾರಿಯೂ ಒಂದೇ. ಈಗ ಯೋಚಿಸಿದರೆ ಇನ್ನೂ ನಾಲ್ಕು ದಾರಿಗಳಿದ್ದವು, ಆದರೆ ದೊಡ್ಡವರಿಗೇ ಕಾಣದ್ದು ನನಗೆಲ್ಲಿ ಕಾಣಬೇಕು?

ಮುಂದಿನ ರವಿವಾರ ಮುಂಜಾನೆ ಆಕಳ ಹೊಟ್ಟೆಯಲ್ಲಿ ಕರು ಅಡ್ಡವಾಗಿದೆಯೆಂದು ಯಾರೋ ಬಂದು ಅಪ್ಪನನ್ನು ಸೈಕಲ್ಲಿನ ಮೇಲೆ ಕರೆದೊಯ್ದರು. ಆ ದಿನಗಳಲ್ಲಿ ರವಿವಾರ ಮುಂಜಾನೆ ಊರಿಗೆ ಊರೇ ಟಿ.ವಿ. ಇದ್ದ ಎರಡು ಮನೆಗಳ ಪಡಸಾಲೆಯಲ್ಲಿ ಪುರಾಣದ ಧಾರಾವಾಹಿ ನೋಡುತ್ತ ಕೂತಿರುತ್ತಿತ್ತು. ಓಣಿಯಲ್ಲಿ ನಾಯಿಯೂ ಇರಲಿಲ್ಲ. ಗೋಣಿಚೀಲದಲ್ಲಿ ಏಳು ತುಂಬಿ ಹೊತ್ತುಕೊಂಡು ಹೋದೆ, ಮತ್ತೆ ಬಂದು ಏಳು. ಅರಿವೆ ಒಗೆಯುವ ಕಲ್ಲುಗಳಿಂದ ಮೇಲಕ್ಕೆ, ಹೊಳೆ ತಿರುಗುವಲ್ಲಿ ನಿಂತು ಒಂದೊಂದಾಗಿ ಎಸೆದೆ. ಮುಳುಗುತ್ತವೆಂದುಕೊಂಡಿದ್ದೆ. ಅವು ತೇಲಿದವು. ಕಣ್ಣಿನ ಗೂಡಿಗೆ, ಕೊಂಬಿನ ಪೊಳ್ಳಿಗೆ ನೀರು ಹೊಕ್ಕು ಗುಳ್ಳೆ ಬಂದು ಒಂದೊಂದೇ ಕೆಳಗೆ ಹೋಗುವವರೆಗೆ ನಾನು ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತೇ ಇದ್ದೆ. ಪ್ರತಿಯೊಂದರ ಗುರುತೂ ನನಗಿತ್ತು, ಹಲ್ಲು ಸವೆದ ಮುದಿ ಆಡು, ಕೊಂಬಿಲ್ಲದ ಸಂಗಮನೇರಿ, ಎಲ್ಲವೂ. ಕೊನೆಗೆ ಜಮುನಾಪಾರಿಯ ಎರಡು ಹೋಳು. ಅಳು ಬಂತು, ಆದರೂ ಎಸೆದೆ. ಮನೆಗೆ ಬಂದು ವಹಿಯ ಹಾಳೆ ಹರಿದು, ‘ಅವ್ವಾ, ಬುರುಡೆ ಎಲ್ಲಾ ಹೋದವು, ಬಾ’ ಎಂದಷ್ಟೇ ಬರೆದು ಉಂಡಿ ತಂದುಕೊಟ್ಟಿದ್ದ ಕಂಡಕ್ಟರನ ಕೈಗೆ ಕೊಟ್ಟೆ. ಅಂದು ಸಂಜೆ ಅಪ್ಪ ಕರೆಯುವ ಮೊದಲೇ ತಲೆನೋವೆಂದು ಹೊದ್ದು ಮಲಗಿದೆ, ಅವನೂ ಆ ಕೋಣೆಗೆ ಹೋಗಲಿಲ್ಲ. ಸೋಮವಾರ ಅವನು ಚಿಕ್ಕೋಡಿಯ ಮೀಟಿಂಗಿಗೆ ಹೋಗಿ ದಣಿದು ಬಂದು ಹಾಗೆಯೇ ಮಲಗಿದ.

ಮಂಗಳವಾರ ರಖಮಾಬಾಯಿ ತನ್ನ ಆಡು ತಂದಳು. ಆಕೆ ನಿಪ್ಪಾಣಿ ಕಡೆಯಿಂದ ನಮ್ಮೂರಿಗೆ ಮದುವೆಯಾಗಿ ಬಂದವಳು, ಮನೆಯಲ್ಲಿ ಬೀಡಿ ಸುತ್ತುತ್ತಿದ್ದಳು. ಉದ್ದ ಕಿವಿಯ ಆ ಆಡು ಸತ್ತುಹೋದ ಜಮುನಾಪಾರಿ ಹೋತದ ಮಗಳು. ಅದೇ ಉಬ್ಬಿದ ಮೂಗು.

“ಕಾಯ್ ಝಾಲಂ ಕಳತ್ ನಾಹಿ, ಸಾಹೇಬ. ಏನಾಗೇತಿ ತಿಳೀವಲ್ದರಿ. ನಾಕ ದಿನಾ ಆತ್ರಿ, ಗಾಣದ ಎತ್ತಿನಂಗ ಒಂದ ಕಡಿಗೇ ಸುತ್ತಾಕತ್ತೈತಿ.”

ಅಪ್ಪನಿಗೆ ನೋಡುತ್ತಲೇ ಗೊತ್ತಾಯಿತು. ನಾಯಿಯ ಹೊಟ್ಟೆಯ ಹುಳದ ತತ್ತಿ ಮೇವಿನ ಜೊತೆ ಆಡಿನ ಮೈ ಸೇರಿ ಮೆದುಳಿನಲ್ಲಿ ನೀರುಗುಳ್ಳೆಯಾಗಿ ಬೆಳೆಯುವ ಜಡ್ಡು ಅದು. ಗುಳ್ಳೆ ದೊಡ್ಡದಾದರೆ ಮೇಲಿನ ಎಲುಬು ಮೆತ್ತಗಾಗುತ್ತದೆ, ಹೆಬ್ಬೆರಳಿಗೆ ಸಿಗುತ್ತದೆ. ಅಲ್ಲಿ ತೂತು ಹೊಡೆದು ಗುಳ್ಳೆ ಎಳೆದು ತೆಗೆಯಬೇಕು. ಕುರುಬರೂ ಮಾಡುತ್ತಾರೆ. ಆದರೆ ಈ ಆಡಿನ ತಲೆಯಲ್ಲಿ ಮೆತ್ತಗಿನ ಜಾಗ ಬೆರಳಿಗೆ ಹತ್ತಲಿಲ್ಲ. ಕೂದಲು ಬೋಳಿಸಿ, ಜಾಗ ಮರಗಟ್ಟಿಸಿ, ಅಪ್ಪ ಸರಸರನೆ ಮನೆಯೊಳಗೆ ಬಂದ. ಅಡುಗೆಮನೆಯಿಂದಲೇ ನನಗೆ ಆ ಕೋಣೆಯ ಕದ ತೆರೆದದ್ದು ಕೇಳಿಸಿತು. ಬಹಳ ಹೊತ್ತಾದ ಮೇಲೆ ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದ.

“ಜಮುನಾಪಾರಿದು ಎಲ್ಲೈತಿ?”

ನಾನು ಒಲೆಯ ಕಡೆ ನೋಡಿದೆ.

“ಗೌರಾ, ಆಡ ಅಲ್ಲೇ ಕಟ್ಟಿಹಾಕಿ ಬಂದೀನಿ. ಎಲ್ಲೈತಿ?”

ನಾನು ಹೊಳೆಯ ಕಡೆ ಕೈ ತೋರಿಸಿದೆ. ಅಪ್ಪನಿಗೆ ಅರ್ಥವಾದದ್ದು ಅವನ ಮುಖದಲ್ಲಿ ಕಂಡಿತು. ಹೊಡೆಯುತ್ತಾನೆಂದು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವನು ದವಾಖಾನೆಗೆ ಹೋಗಿಬಿಟ್ಟಿದ್ದ. ಕರಿ ಆಡಿನ ಅಳತೆ ನೆನಪಿಟ್ಟುಕೊಂಡು, ಅಂದಾಜಿನ ಮೇಲೆ ಒಂದಿಷ್ಟು ಹಿಂದೆ ಸರಿದು ತೂತು ಹೊಡೆದ. ಬಂದದ್ದು ಗಾಳಿಯ ಪೊಳ್ಳು. ಇನ್ನೊಂದು ಕಡೆ ಹೊಡೆಯಬೇಕಾಯಿತು, ರಕ್ತ ನಿಲ್ಲಲಿಲ್ಲ. ಸಂಜೆಗೆ ಆಡು ಸತ್ತಿತು. ಬುರುಡೆ ಇದ್ದಿದ್ದರೆ ಬದುಕುತ್ತಿತ್ತೇ? ಗೊತ್ತಿಲ್ಲ. ಬದುಕುತ್ತಿರಲಿಲ್ಲ ಎಂದು ಈ ವಯಸ್ಸಿನವರೆಗೂ ನನಗೆ ನಾನೇ ಹೇಳಿಕೊಳ್ಳುತ್ತ ಬಂದಿದ್ದೇನೆ, ಒಮ್ಮೆಯೂ ನಂಬಿಲ್ಲ. ರಖಮಾಬಾಯಿ ಜಗಳ ಮಾಡಲಿಲ್ಲ. “ನಶೀಬ, ಸಾಹೇಬ, ನೀವರ ಏನ ಮಾಡ್ತೀರಿ” ಎಂದಳು. ಆಡಿನ ಕೊರಳಿನ ಹಗ್ಗ ಬಿಚ್ಚಿ, ಸುರುಳಿ ಸುತ್ತಿ ಬಗಲಲ್ಲಿಟ್ಟುಕೊಂಡು ಹೋದಳು.

ಮರುದಿನ ಮಧ್ಯಾಹ್ನದ ಬಸ್ಸಿಗೆ ಅವ್ವ ಬಂದಳು. ಚೀಲವನ್ನು ಕಟ್ಟೆಯ ಮೇಲಿಟ್ಟು, ಒಳಗೆ ಹೋಗಿ ಆ ಕೋಣೆಯ ಬಾಗಿಲಲ್ಲಿ ನಿಂತು ಬರಿದಾದ ಹಲಗೆಗಳನ್ನು ನೋಡಿದಳು. ಅಪ್ಪ ಊಟಕ್ಕೆಂದು ಬಂದವನು ಅವಳನ್ನು ಕಂಡು ನಡುಮನೆಯಲ್ಲೇ ನಿಂತ. ನಾನು ಇಬ್ಬರ ನಡುವೆ ಇದ್ದೆ.

“ಖರೇನ ಹೊರಗ ಒಗದ್ರಿ?” ಎಂದಳು ಅವ್ವ. ಅವಳ ದನಿ ಹಾಗೆ ಮೆತ್ತಗಾದದ್ದನ್ನು ನಾನು ಕೇಳಿರಲಿಲ್ಲ. “ಅಷ್ಟೂ?”

ಅಪ್ಪ ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದ.

“ಹೌದು. ಹೊಳಿಗೆ ಒಗದ್ನಿ.”

“ನನ್ನ ಸಲುವಾಗಿ?”

“ಮತ್ತ ಯಾರ ಸಲುವಾಗಿ?”

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದಳು. ಆ ಸಂಜೆ ಎರಡು ತಿಂಗಳ ಮೇಲೆ ತೆಳ್ಳಗಿನ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ನಾನು ಒಂದು ರೊಟ್ಟಿಯನ್ನೂ ಮುಗಿಸದೆ ಎದ್ದೆ. ದೃಷ್ಟಿಯಾಗಿದೆಯೆಂದು ಅವ್ವ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಅಪ್ಪ ಕೈ ತೊಳೆದು ಆ ಕೋಣೆಗೆ ಹೋಗಿ ದೀಪ ಹಾಕಿದ. ನಾನು ನಡುಮನೆಯಲ್ಲಿ ಕಿವಿ ತೆರೆದು ಕೂತೆ. ಬೈಯಲಿಕ್ಕಾದರೂ ಸರಿ, ಹೆಸರು ಹಿಡಿದು ಕರೆಯಲಿ ಎಂದು ಕಾಯ್ದೆ. ದೀಪ ಆರಿತು. ಮರುದಿನವೂ ಕಾಯ್ದೆ, ಅದರ ಮರುದಿನವೂ. ಅಪ್ಪ ಆಮೇಲೆ ಬುರುಡೆ ಕೂಡಿಸಲಿಲ್ಲ. ವಹಿ ಎಲ್ಲಿ ಹೋಯಿತೋ ತಿಳಿಯದು. ನನಗೆ ಪುಸ್ತಕ ತಂದ, ಜ್ವರ ಬಂದಾಗ ಸದಲಗಾಕ್ಕೆ ಸೈಕಲ್ಲಿನ ಮೇಲೆ ಒಯ್ದ, ಪಾಸಾದಾಗ ಪೇಢೆ ಹಂಚಿದ. ಒಂದು ಕೆಟ್ಟ ಮಾತೂ ಆಡಲಿಲ್ಲ. ಆದರೆ ತಾನು ಮಾಡುವ ಕೆಲಸದ ಬಳಿ ನನ್ನನ್ನು ಮತ್ತೆಂದೂ ಕರೆಯಲಿಲ್ಲ. ಮನೆಯಲ್ಲಿ ಈಗ ಮೂವರಿದ್ದೆವು, ಮಕ್ಕಳೂ ಆಡಲು ಬರತೊಡಗಿದರು. ಅಷ್ಟು ಜನರ ನಡುವೆ ನಾನು ಮೊದಲಿಗಿಂತ ಒಂಟಿಯಾದೆ.

ಅವ್ವನಿಗೆ ಮಾತ್ರ ಅದು ಹೊಸ ಬಾಳು. ಅಪ್ಪನ ಜೊತೆ ಅವಳು ಆಮೇಲೆ ಜಗಳವಾಡಿದ್ದನ್ನು ನಾನು ಕಂಡಿಲ್ಲ. ಕುಬಸಕ್ಕೆ, ಮದುವೆಗೆ ಹೋದಲ್ಲೆಲ್ಲ ಹೆಂಗಸರ ಮುಂದೆ ಹೇಳುತ್ತಿದ್ದಳು, ‘ನಮ್ಮ ಮನ್ಯಾಗಿನವರು ನನ್ನ ಸಲುವಾಗಿ ಕಲತ ವಿದ್ಯಾನ ಹೊಳಿಗೆ ಬಿಟ್ರು’ ಎಂದು. ಹೇಳುವಾಗ ಅವಳ ಮುಖ ಅರಳುತ್ತಿತ್ತು. ನಾನು ಅಲ್ಲಿಂದ ಎದ್ದು ಹೋಗುತ್ತಿದ್ದೆ. ನನ್ನ ಮದುವೆ ಅಥಣಿಗೆ ಗೊತ್ತಾದ ವರ್ಷ, ಮನೆ ಬಿಡುವ ಮುನ್ನ ಈ ಭಾರ ಇಳಿಸಿ ಹೋಗಬೇಕೆನ್ನಿಸಿತು. ಒಂದು ಮಧ್ಯಾಹ್ನ ಅಪ್ಪ ಕಟ್ಟೆಯ ಮೇಲೆ ಒಬ್ಬನೇ ಕೂತು ಲಗ್ನಪತ್ರಿಕೆಗಳ ಮೇಲೆ ಹೆಸರು ಬರೆಯುತ್ತಿದ್ದ. ಅವ್ವ ಒಳಗೆ ಶ್ಯಾವಿಗೆ ಒಣಗಲು ಹರವುತ್ತಿದ್ದಳು. ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ.

“ಅಪ್ಪಾ, ಅವ್ವಗ ಖರೆ ಹೇಳಲಿ?”

ಯಾವುದರ ಬಗ್ಗೆ ಎಂದು ಅಪ್ಪ ಕೇಳಲಿಲ್ಲ. ಬರೆಯುತ್ತಿದ್ದ ಹೆಸರನ್ನು ಪೂರ್ತಿ ಬರೆದು, ಶಾಯಿ ಆರಲೆಂದು ಊದಿದ.

“ಬ್ಯಾಡ, ಗೌರಾ. ಮನ್ಯಾಗ ಒಬ್ಬರರ ಸುಖದಾಗ ಇರಲಿ.”

“ಅಪ್ಪ ಮಗಳು ಏನ ಮಾತಾಡಾಕತ್ತೀರಿ?” ಎಂದು ಅವ್ವ ಒಳಗಿನಿಂದ ಕೂಗಿದಳು.

“ಏನಿಲ್ಲ” ಎಂದೆವು, ಇಬ್ಬರೂ ಒಮ್ಮೆಲೇ.